ಒಂದು ಪ್ಲೇಟ್ ಮಂಡಕ್ಕಿಗೆ ಎಷ್ಟು ಬಿತ್ತು? ಹೈಸ್ಕೂಲ್ ಮಕ್ಕಳಿಗೆ ತಿಂಡಿ ಅಂಗಡಿ ಲೆಕ್ಕ ಕಲಿಸುವುದು

ನಮ್ಮದು ದಾವಣಗೆರೆ ಕಡೆ. ಇಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬೇಕೇ ಬೇಕು. ಹಾಗಾಗಿ ಶಾಲೆಯಲ್ಲಿ ಮಕ್ಕಳ ಸಂತೆ ಬಂತು ಅಂದರೆ ಒಂಬತ್ತನೇ ಕ್ಲಾಸಿನ ಯಾವುದಾದರೂ ಒಂದು ಗುಂಪು ಮಂಡಕ್ಕಿ ಅಂಗಡಿ ಇಟ್ಟೇ ಇಡುತ್ತದೆ. ಸಂತೆ ಮುಗಿದ ಮೇಲೆ ಡಬ್ಬಿ ಸುರುವಿ ಎಣಿಸಿ, ‘ಲಾಭ ಆಯ್ತು ಮಿಸ್’ ಅಂತ ಓಡಿ ಬರುತ್ತಾರೆ. ಎಲ್ಲಾ ಗುಂಪಿಗೂ ಲಾಭ, ಪ್ರತಿ ವರ್ಷವೂ ಲಾಭ. ಒಂದು ವರ್ಷ ನಾನು ಆ ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಕೇಳುತ್ತಾ ಹೋದೆ. ಎಣ್ಣೆ ಎಲ್ಲಿಂದ ಬಂತು? ಮನೆಯಿಂದ. ಗ್ಯಾಸ್? ಮನೆಯದು. ಶೇಂಗಾ? ಅಜ್ಜಿ ಕೊಟ್ಟರು. ಲಾಭ ಅಂತ ಅವರು ಎಣಿಸಿದ್ದು ಅವರ ಮನೆಯವರದೇ ದುಡ್ಡು.

ಆಮೇಲಿಂದ ಸಂತೆಗೆ ಎರಡು ವಾರ ಮುಂಚೆಯೇ ಲೆಕ್ಕ ಶುರು ಮಾಡಿಸುತ್ತೇನೆ. ಹೇಗೆ ಅಂತ ಬರೆಯುತ್ತಿದ್ದೇನೆ. ನೀವು ಶಿಕ್ಷಕರಾಗಿದ್ದರೂ ಸರಿ, ಮನೆಯಲ್ಲಿ ಹದಿನಾಲ್ಕು ಹದಿನೈದರ ಮಗ ಮಗಳು ‘ನಾನೂ ಒಂದು ಅಂಗಡಿ ಇಡ್ತೀನಿ’ ಅಂತ ಕುಣಿಯುತ್ತಿದ್ದರೂ ಸರಿ, ಹೀಗೇ ಮಾಡಬಹುದು. ಕೆಳಗೆ ಕೊಟ್ಟ ದರಗಳೆಲ್ಲ ನಾವು ಲೆಕ್ಕ ಮಾಡಿದಾಗ ಹಿಡಿದಿದ್ದು. ನಿಮ್ಮೂರಿನ ದರ ನೀವು ಹಾಕಿಕೊಳ್ಳಿ.

ಮೊದಲ ದಿನ ಏನೂ ಹೇಳಿಕೊಡಬೇಡಿ. ನಿಜ, ಒಂದು ಸೂತ್ರವನ್ನೂ ಹೇಳಬೇಡಿ. ‘40 ಪ್ಲೇಟ್ ಮಂಡಕ್ಕಿ, ಪ್ಲೇಟಿಗೆ ಎರಡು ಮಿರ್ಚಿ. ಏನೇನು ಬೇಕು, ಎಷ್ಟಾಗುತ್ತೆ, ಬರೆದುಕೊಂಡು ಬನ್ನಿ’ ಅಂತಷ್ಟೇ ಹೇಳಿ ಕಳಿಸಿ. ವಾರದ ಸಂತೆಗೆ, ಕಿರಾಣಿ ಅಂಗಡಿಗೆ ಅವರೇ ಹೋಗಿ ದರ ಕೇಳಬೇಕು. ಫೋನಿನಲ್ಲಿ ನೋಡಿದ ದರ ಬೇಡ. ಅಂಗಡಿಯವರ ಮುಂದೆ ನಿಂತು ‘ಕಡ್ಲೆ ಹಿಟ್ಟು ಕೆಜಿ ಹೆಂಗೆ ಅಣ್ಣ’ ಅಂತ ಕೇಳುವುದೂ ಕಲಿಕೆಯೇ. ಕೆಲವು ಮಕ್ಕಳಿಗೆ ಅದೇ ಮೊದಲ ಸಲ.

ನಮ್ಮ ಗುಂಪು ಬರೆದುಕೊಂಡು ಬಂದಿದ್ದು ಹೀಗಿತ್ತು. ಮಂಡಕ್ಕಿ 120 ರೂಪಾಯಿ, ಮಿರ್ಚಿಗೆ ಹಸಿಮೆಣಸಿನಕಾಯಿ ಒಂದೂವರೆ ಕೆಜಿ 90, ಕಡ್ಲೆ ಹಿಟ್ಟು 132, ಈರುಳ್ಳಿ ಒಂದು ಕೆಜಿ 40, ಟೊಮೆಟೊ 30, ಕೊತ್ತಂಬರಿ ಎರಡು ಕಟ್ಟು 20, ನಿಂಬೆಹಣ್ಣು ಎಂಟು 40, ಅಡಿಕೆ ಹಾಳೆಯ ಪುಟ್ಟ ತಟ್ಟೆ 90. ಒಟ್ಟು 562. ನಲವತ್ತರಿಂದ ಭಾಗಿಸಿದರೆ ಪ್ಲೇಟಿಗೆ 14 ರೂಪಾಯಿ. ‘20ಕ್ಕೆ ಕೊಟ್ಟರೆ ಪ್ಲೇಟಿಗೆ 6 ಉಳೀತದೆ ಮಿಸ್, 240 ರೂಪಾಯಿ ಲಾಭ’ ಅಂದರು. ಮುಖ ಅರಳಿತ್ತು. ನಾನು ತಪ್ಪು ಅನ್ನಲಿಲ್ಲ. ಕೂಡುವುದು, ಭಾಗಿಸುವುದು ಎಲ್ಲಾ ಸರಿಯಾಗಿಯೇ ಇತ್ತಲ್ವಾ? ‘ಸರಿ, ನಾಳೆ ಇದನ್ನೇ ಮಾಡಿ ನೋಡೋಣ’ ಅಂದೆ.

ಈ ಮಾಡಿ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಹಾಳೆಯ ಮೇಲೆ ಎಷ್ಟು ಲೆಕ್ಕ ಮಾಡಿಸಿದರೂ ಮಕ್ಕಳಿಗೆ ಅದು ಪರೀಕ್ಷೆಯ ಪ್ರಶ್ನೆ ಥರವೇ ಕಾಣುತ್ತದೆ. ಅಡುಗೆ ಮನೆಯಲ್ಲಿ ತಕ್ಕಡಿ ಇಟ್ಟರೆ ಬೇರೆಯೇ ಆಗುತ್ತದೆ. ಅಡುಗೆಗೆ ಬಳಸುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. ಇಲ್ಲದಿದ್ದರೆ ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿ, ಮಕ್ಕಳಿಗೆ ಅಂದರೆ ಇಲ್ಲ ಅನ್ನಲ್ಲ.

ಮೊದಲು ಮಂಡಕ್ಕಿ. ನಮ್ಮ ಕಡೆ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವುದೂ ಉಂಟು. ಅಳತೆಯಲ್ಲಿ ತಂದರೆ ಮನೆಗೆ ಬಂದ ತಕ್ಷಣ ತೂಕ ಮಾಡಿಸಿ, ಒಂದು ಸೇರಿಗೆ ಎಷ್ಟು ಗ್ರಾಂ ಅಂತ ಬರೆದಿಡಿ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಕೊಟ್ಟು, ‘ಒಂದು ಪ್ಲೇಟ್ ಅಂದರೆ ಇಷ್ಟು’ ಅನ್ನಿಸುವಷ್ಟು ತುಂಬಿಸಲು ಹೇಳಿ. ನಾಲ್ಕು ಮಕ್ಕಳು, ನಾಲ್ಕು ತೂಕ. ಒಬ್ಬನದು 32 ಗ್ರಾಂ, ಇನ್ನೊಬ್ಬಳದು 55 ಗ್ರಾಂ. ‘ಇವಳು ಅಂಗಡಿಯಲ್ಲಿ ನಿಂತರೆ ಮಂಡಕ್ಕಿ ಮಧ್ಯಾಹ್ನಕ್ಕೇ ಖಾಲಿ’ ಅಂತ ಅವರಿಗವರೇ ಹೇಳಿಕೊಂಡರು. ಕೊನೆಗೆ 40 ಗ್ರಾಂ ಅಂತ ಒಪ್ಪಿಕೊಂಡು, ಅಷ್ಟು ಹಿಡಿಯುವ ಒಂದು ಸ್ಟೀಲ್ ಬಟ್ಟಲು ಹುಡುಕಿದರು. ಸಂತೆಯ ದಿನ ಆ ಬಟ್ಟಲಿಗೆ ಕೆಂಪು ದಾರ ಕಟ್ಟಿಕೊಂಡು ಬಂದಿದ್ದರು, ಬೇರೆ ಬಟ್ಟಲಿನ ಜೊತೆ ಅದಲು ಬದಲಾಗಬಾರದು ಅಂತ. ಪ್ಲೇಟಿನ ಖರ್ಚು ನಿಲ್ಲುವುದು ಈ ಬಟ್ಟಲಿನ ಮೇಲೆ. ಕೈಯಳತೆಯಲ್ಲಿ ಬಡಿಸಿದರೆ ಹಾಳೆಯ ಮೇಲಿನ ಯಾವ ಲೆಕ್ಕವೂ ಉಳಿಯಲ್ಲ.

ಆಮೇಲೆ ಈರುಳ್ಳಿ. ಒಂದು ಕೆಜಿ ತೂಕ ಮಾಡಿ, ಸಿಪ್ಪೆ ತೆಗೆದು, ತಲೆ ಬುಡ ಕತ್ತರಿಸಿ, ಮತ್ತೆ ತೂಕ ಮಾಡಿ. ನಮಗೆ 880 ಗ್ರಾಂ ಬಂತು. 40 ರೂಪಾಯಿ ಕೊಟ್ಟು ತಂದಿದ್ದು ಒಂದು ಕೆಜಿ, ಪ್ಲೇಟಿಗೆ ಹೋಗುವುದು 880 ಗ್ರಾಂ. ಹಾಗಾದರೆ ಹೆಚ್ಚಿದ ಈರುಳ್ಳಿಯ ನಿಜವಾದ ದರ ಕೆಜಿಗೆ 45 ರೂಪಾಯಿ ದಾಟಿತು. ಕೊತ್ತಂಬರಿಯಲ್ಲಂತೂ ದಂಟು, ಹಳದಿ ಎಲೆ ತೆಗೆದರೆ ಕಟ್ಟಿನ ಅರ್ಧವೇ ಹೋಗುತ್ತದೆ. ಮೆಣಸಿನಕಾಯಿಯನ್ನು ತೂಕಕ್ಕಿಂತ ಎಣಿಸುವುದೇ ಒಳ್ಳೆಯದು. ಒಂದೂವರೆ ಕೆಜಿಯಲ್ಲಿ 94 ಬಂದವು, ಮೆತ್ತಗಾಗಿದ್ದು ಮುರಿದಿದ್ದು ಆರು ತೆಗೆದರೆ 88. ಅಂದರೆ ಒಂದು ಕಾಯಿಗೆ ಒಂದು ರೂಪಾಯಿ ಮೇಲೆ ಎರಡು ಪೈಸೆ.

ಈಗ ಎಣ್ಣೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಮಕ್ಕಳು ಮೊದಲು ಮರೆಯುವುದು ಇದನ್ನೇ.

ಪ್ಯಾಕೆಟ್ಟಿನ ಹಿಂದೆ ಬರೆದಿದ್ದನ್ನು ಓದಿಸಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ, ಒಂದು ಕೆಜಿ ಅಲ್ಲ. ಈಗ ಕೆಲವು ಪ್ಯಾಕೆಟ್ಟುಗಳಲ್ಲಿ ಅದಕ್ಕಿಂತ ಕಡಿಮೆಯೂ ಇರುತ್ತದೆ, ನೋಡಲು ಎಲ್ಲಾ ಒಂದೇ ಥರ. 150 ರೂಪಾಯಿ ಪ್ಯಾಕೆಟ್ ಅಂದರೆ ಗ್ರಾಮಿಗೆ ಹದಿನಾರೂವರೆ ಪೈಸೆ ಬಿತ್ತು. ಪೂರ್ತಿ ಪ್ಯಾಕೆಟ್ ಬಾಣಲೆಗೆ ಸುರಿದು 40 ಮಿರ್ಚಿ ಕರಿಯಿರಿ. ಕರಿಯುವುದು ದೊಡ್ಡವರೇ. ಸಂತೆಯ ದಿನವೂ ಅಷ್ಟೇ, ಬಾಣಲೆ ಮುಂದೆ ದೊಡ್ಡವರೊಬ್ಬರು ನಿಲ್ಲಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ರಾತ್ರಿಯೆಲ್ಲಾ ಆರಲು ಬಿಟ್ಟು, ಬೆಳಿಗ್ಗೆ ಉಳಿದ ಎಣ್ಣೆಯನ್ನು ತೂಕ ಮಾಡಿಸಿ. ನಮಗೆ 650 ಗ್ರಾಂ ಉಳಿದಿತ್ತು. ಹಾಗಾದರೆ 40 ಮಿರ್ಚಿ ಕುಡಿದಿದ್ದು 260 ಗ್ರಾಂ, ಒಂದೊಂದಕ್ಕೆ ಆರೂವರೆ ಗ್ರಾಂ, ದುಡ್ಡಿನಲ್ಲಿ 1 ರೂಪಾಯಿ 7 ಪೈಸೆ. ಒಂದು ಮೆಣಸಿನಕಾಯಿಗಿಂತ ಅದು ಕುಡಿಯುವ ಎಣ್ಣೆಯೇ ತುಟ್ಟಿ! ಇದನ್ನು ಕಂಡುಹಿಡಿದ ಹುಡುಗ ಎರಡು ಸಲ ಲೆಕ್ಕ ಮಾಡಿ ನೋಡಿದ, ನಂಬಿಕೆ ಬರಲಿಲ್ಲ ಅವನಿಗೆ.

ಇನ್ನೊಂದು ಪ್ರಶ್ನೆ ಅಲ್ಲೇ ಎದ್ದಿತು. ಬಾಣಲೆಯಲ್ಲಿ ಉಳಿದ ಎಣ್ಣೆ ಯಾರ ಖರ್ಚು? ‘ಉಳಿದಿದೆಯಲ್ಲ, ಅದು ಖರ್ಚಲ್ಲ’ ಅಂತ ಇಬ್ಬರು. ‘ಕರಿದ ಎಣ್ಣೆಯನ್ನು ಯಾರು ದುಡ್ಡು ಕೊಟ್ಟು ತಗೋತಾರೆ’ ಅಂತ ಇನ್ನಿಬ್ಬರು. ನನ್ನ ಪ್ರಕಾರ ಎರಡನೆಯವರು ಹೇಳಿದ್ದೇ ಸರಿ. ಒಂದು ದಿನದ ಅಂಗಡಿಯಲ್ಲಿ ಬಾಣಲೆಗೆ ಸುರಿದ ಎಣ್ಣೆ ಪೂರ್ತಿ ಅಂಗಡಿಯ ಖರ್ಚು. ದಿನಾ ಅಂಗಡಿ ಇಡುವವರಿಗೂ ಅದನ್ನೇ ಮತ್ತೆ ಮತ್ತೆ ಕಾಯಿಸಲು ಬರುವುದಿಲ್ಲ. ಎಣ್ಣೆ ಎಷ್ಟು ಕೆಡಬಹುದು ಅನ್ನುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ಮಿತಿ ಹಾಕಿದೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ಬಣ್ಣ ಕಪ್ಪಾಯಿತು, ನೊರೆ ಬರುತ್ತಿದೆ, ಬೇಗ ಹೊಗೆ ಏಳುತ್ತಿದೆ ಅಂದರೆ ಆ ಎಣ್ಣೆಯ ಕೆಲಸ ಮುಗಿಯಿತು.

ಗ್ಯಾಸಿಗೂ ತೂಕವೇ. ನಾವು 5 ಕೆಜಿಯ ಚಿಕ್ಕ ಸಿಲಿಂಡರನ್ನು ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಗಿದೆವು. ಅರ್ಧ ಕೆಜಿ ಕಡಿಮೆಯಾಗಿತ್ತು. ಕೆಜಿಗೆ 90 ಅಂತ ಹಿಡಿದು 45 ರೂಪಾಯಿ ಬರೆದೆವು. ಮನೆಯ 14.2 ಕೆಜಿ ಸಿಲಿಂಡರಿನ ದರದಲ್ಲಿ ಹಾಕಿದರೆ ಕಡಿಮೆ ಬರುತ್ತದೆ, ಆದರೆ ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ನಿಜವಾದ ಅಂಗಡಿಯವರು 19 ಕೆಜಿಯದನ್ನು ತುಟ್ಟಿ ದರ ಕೊಟ್ಟು ತರುತ್ತಾರೆ. ಅದಕ್ಕೇ ಲೆಕ್ಕದಲ್ಲಿ ಆ ದರ.

ಇಷ್ಟಾದ ಮೇಲೆ ನೋಟ್‌ಬುಕ್ಕಿನ ಎರಡನೇ ಪುಟ ತೆಗೆಸಿ. ತಲೆಬರಹ: ‘ಮನೆಯಿಂದ ತಂದಿದ್ದು, ಮರೆತಿದ್ದು’. ನಮ್ಮದರಲ್ಲಿ ಎಣ್ಣೆ ಎರಡು ಪ್ಯಾಕೆಟ್ 300, ಪುಟಾಣಿ 36, ಶೇಂಗಾ 40, ಉಪ್ಪು, ಖಾರದ ಪುಡಿ, ಅಜಿವಾನ, ಸಾಸಿವೆ, ಕರಿಬೇವು, ಅರಿಶಿನ ಎಲ್ಲಾ ಸೇರಿ 40, ಗ್ಯಾಸ್ 45, ಆಟೋ 80, ನೀರಿನ ಕ್ಯಾನ್ 40, ಟಿಶ್ಯೂ 30. ಕೂಡಿದರೆ 611.

ಮೊದಲ ಪುಟದ್ದು 562. ಎರಡನೇ ಪುಟದ್ದು 611. ಮರೆತಿದ್ದೇ ಜಾಸ್ತಿ.

ಒಂದು ಹುಡುಗಿ ಕೇಳಿದಳು, ‘ಎಣ್ಣೆ ಮನೇಲಿ ಐತಲ್ಲ ಮಿಸ್, ಅದಕ್ಯಾಕೆ ದುಡ್ಡು ಹಾಕಬೇಕು?’ ನಾನು ‘ನಿಮ್ಮನೆಗೆ ಅದು ಹೇಗೆ ಬಂತು?’ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ‘ಅಮ್ಮ ವಾರದ ಸಂತೇಲಿ ತಂದಿದ್ದು’ ಅಂದಳು. ಆಮೇಲೆ ತಾನೇ ಪೆನ್ನು ತಗೊಂಡು 300 ಅಂತ ಬರೆದಳು. ಈ ಪುಟ ಬರೆಸುವಾಗ ಮಕ್ಕಳನ್ನು ಬೈದು, ನಾಚಿಸಿ ಕಲಿಸಬೇಡಿ. ಅಮ್ಮ ಕೊಟ್ಟಿದ್ದಕ್ಕೆ ಬೆಲೆ ಕಟ್ಟಿಸುತ್ತಿದ್ದಾರೆ ಅಂತ ಕೆಲವು ಮನೆಗಳಲ್ಲಿ ಬೇಜಾರೂ ಆಗುತ್ತದೆ, ಅವರಿಗೆ ಮೊದಲೇ ಒಂದು ಮಾತು ಹೇಳಿಡಿ. ಕೊಟ್ಟವರ ಹೆಸರನ್ನೂ ಪಕ್ಕದಲ್ಲಿ ಬರೆಸುವುದು ನಮ್ಮಲ್ಲಿ ಈಗ ರೂಢಿ: ‘ಶೇಂಗಾ 40, ಅಜ್ಜಿ’. ಸಂತೆಯ ದುಡ್ಡು ಬಂದ ಮೇಲೆ ಮೊದಲು ವಾಪಸ್ ಹೋಗುವುದು ಇವರಿಗೆ. ಬೇಡ ಅಂದರೆ ಅದು ಅವರ ಪ್ರೀತಿ, ಲೆಕ್ಕದಲ್ಲಂತೂ ಇರಬೇಕು.

ಎರಡೂ ಪುಟ ಸೇರಿ 1,173 ರೂಪಾಯಿ. 40 ಪ್ಲೇಟಿಗೆ ಹಂಚಿದರೆ ತಲಾ 29 ರೂಪಾಯಿ ಚಿಲ್ಲರೆ. 20ಕ್ಕೆ ಮಾರಿದ್ದರೆ ಪ್ಲೇಟಿಗೆ 9 ರೂಪಾಯಿ ಕೈಯಿಂದ ಹಾಕಬೇಕಿತ್ತು. ಇನ್ನೂ ಒಂದಿದೆ. 40 ಪ್ಲೇಟಿನ ಸಾಮಾನು ತಂದರೆ 40 ಪ್ಲೇಟ್ ಮಾರುವುದಿಲ್ಲ. ರುಚಿ ನೋಡಲು ಒಂದಿಷ್ಟು ಹೋಗುತ್ತದೆ, ಒಂದು ಕೈ ಜಾರಿ ಬೀಳುತ್ತದೆ, ‘ಏ ನನಗೊಂದು ಕೊಡೋ’ ಅಂತ ಗೆಳೆಯರು ಬರುತ್ತಾರೆ. 36 ಮಾರುತ್ತೇವೆ ಅಂತ ಹಿಡಿದರೆ ಪ್ಲೇಟಿಗೆ ಬಿದ್ದಿದ್ದು 32 ರೂಪಾಯಿ 58 ಪೈಸೆ.

ಈ ಹಂತದಲ್ಲಿ ಮಕ್ಕಳು ಕುಗ್ಗುತ್ತಾರೆ. ‘ಹಂಗಾದ್ರೆ ಬೇಡ ಬಿಡಿ ಮಿಸ್’ ಅನ್ನುತ್ತಾರೆ. ಬಿಡಬೇಡಿ. ಈಗಲೇ ಖರ್ಚನ್ನು ಎರಡು ಪಾಲು ಮಾಡಿಸಿ. ನಮ್ಮ ಮಕ್ಕಳೇ ಇಟ್ಟ ಹೆಸರು ‘ಪ್ಲೇಟ್ ಖರ್ಚು’ ಮತ್ತು ‘ಕೂತಲ್ಲಿ ಖರ್ಚು’. ಪ್ಲೇಟ್ ಖರ್ಚು ಅಂದರೆ ಪ್ಲೇಟ್ ಹೆಚ್ಚಾದಂತೆ ಹೆಚ್ಚುವುದು: ಮಂಡಕ್ಕಿ, ಹಿಟ್ಟು, ತಟ್ಟೆ. ಕೂತಲ್ಲಿ ಖರ್ಚು ಅಂದರೆ ಒಂದು ಪ್ಲೇಟೂ ಹೋಗದಿದ್ದರೂ ಬೀಳುವುದು: ಆಟೋ 80, ನೀರು 40, ಬಾಣಲೆಯಲ್ಲಿ ಉಳಿಯುವ ಎಣ್ಣೆ 148. ಆ 148 ಎಲ್ಲಿಂದ ಬಂತು ಅಂದರೆ, ಎರಡು ಪ್ಯಾಕೆಟ್ಟಿನ 1,820 ಗ್ರಾಮಿನಲ್ಲಿ 80 ಮಿರ್ಚಿಗೆ 520 ಗ್ರಾಂ, ಮಂಡಕ್ಕಿ ಒಗ್ಗರಣೆಗೆ 400 ಗ್ರಾಂ ಹೋಗಿ 900 ಗ್ರಾಂ ಹಾಗೇ ಉಳಿಯಿತು. ಒಟ್ಟು ಕೂತಲ್ಲಿ ಖರ್ಚು 268. ಉಳಿದ 905 ಪ್ಲೇಟ್ ಖರ್ಚು, ತಲಾ ಸುಮಾರು 22 ರೂಪಾಯಿ 60 ಪೈಸೆ.

ಹೀಗೆ ಬಿಡಿಸಿಟ್ಟರೆ ಎಲ್ಲಿ ಕೈ ಹಾಕಬಹುದು ಅಂತ ಮಕ್ಕಳಿಗೇ ಕಾಣುತ್ತದೆ. ಪ್ಲೇಟಿಗೆ ಎರಡು ಮಿರ್ಚಿ ಬೇಕಾ ಅಂತ ಅವರೇ ಕೇಳಿಕೊಂಡರು. ಒಂದು ಮಿರ್ಚಿಗೆ ಕಾಯಿ 1 ರೂಪಾಯಿ 2 ಪೈಸೆ, ಹಿಟ್ಟು 15 ಗ್ರಾಮಿಗೆ 1 ರೂಪಾಯಿ 65 ಪೈಸೆ, ಎಣ್ಣೆ 1 ರೂಪಾಯಿ 7 ಪೈಸೆ, ಒಟ್ಟು 3 ರೂಪಾಯಿ 74 ಪೈಸೆ. ಒಂದು ಮಿರ್ಚಿ ತೆಗೆದರೆ ಪ್ಲೇಟ್ ಖರ್ಚು 19ರ ಒಳಗೆ ಬಂತು. 30 ರೂಪಾಯಿಗೆ ಮಾರಿದರೆ ಪ್ರತಿ ಪ್ಲೇಟಿನಲ್ಲಿ 11 ರೂಪಾಯಿ ಕೈಯಲ್ಲಿ ಉಳಿಯುತ್ತದೆ, ಅದು ಮೊದಲು ಆ 268ನ್ನು ತುಂಬಬೇಕು. 268ನ್ನು 11ರಿಂದ ಭಾಗಿಸಿ: 25ನೇ ಪ್ಲೇಟಿಗೆ ಅಸಲು ಬಂತು. ಅದೇ 30 ರೂಪಾಯಿಗೆ ಎರಡು ಮಿರ್ಚಿ ಕೊಟ್ಟರೆ ಪ್ಲೇಟಿಗೆ ಉಳಿಯುವುದು 7 ರೂಪಾಯಿ 40 ಪೈಸೆ, ಅಸಲು ಬರುವುದು 37ನೇ ಪ್ಲೇಟಿಗೆ. ಮಾರುವುದೇ 36 ಅಂದುಕೊಂಡಿದ್ದೆವು. ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ, ಗಣಿತದಲ್ಲಿ ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನೇ ಎದ್ದು ‘ಅಂದ್ರೆ ಒಂದು ಮಿರ್ಚಿಗೆ ಹನ್ನೆರಡು ಪ್ಲೇಟ್ ವ್ಯತ್ಯಾಸ’ ಅಂದ. ಅವರ ಅಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿ ಇಟ್ಟವರು. ಇಂಥ ಮಕ್ಕಳು ನಿಮ್ಮ ಗುಂಪಿನಲ್ಲಿ ಇದ್ದರೆ ಅವರನ್ನೇ ಮುಂದೆ ಬಿಡಿ. ಸಾಧ್ಯವಾದರೆ ಎಲ್ಲರನ್ನೂ ಒಂದು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ. ‘ಒಂದು ಕೆಜಿ ಹಿಟ್ಟಿಗೆ ಎಷ್ಟು ಮಿರ್ಚಿ ಬರ್ತವೆ’ ಅಂತ ಕೇಳಿದ್ದಕ್ಕೆ ಗಾಡಿಯವರು ತಲೆ ಎತ್ತದೆ ‘ಅರವತ್ತೈದು’ ಅಂದರು. ನಾವು ತಕ್ಕಡಿ ಹಿಡಿದು ಕಂಡುಕೊಂಡಿದ್ದೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳ ಮುಖ ನೋಡಬೇಕಿತ್ತು.

ಬೆಲೆ ಇಡುವಾಗ ಚಿಲ್ಲರೆಯನ್ನೂ ನೆನಪಿಡಿ. 28 ಅಂತ ಇಟ್ಟರೆ ಎರಡು ರೂಪಾಯಿ ಹುಡುಕುವುದರಲ್ಲೇ ಸಾಲು ನಿಂತುಬಿಡುತ್ತದೆ. 25, 30, ಹೀಗೆ ಇರಲಿ. ಬೆಳಿಗ್ಗೆ ಡಬ್ಬಿಗೆ ಹಾಕಿದ ಚಿಲ್ಲರೆ ದುಡ್ಡನ್ನು ಮುಚ್ಚಳದ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಒಂದು ವರ್ಷ 200 ರೂಪಾಯಿ ಚಿಲ್ಲರೆ ಹಾಕಿಟ್ಟಿದ್ದನ್ನು ಮರೆತು, ಸಂಜೆ ಅದನ್ನೂ ಲಾಭಕ್ಕೆ ಸೇರಿಸಿ ಐಸ್‌ಕ್ರೀಮ್ ತಿಂದು ಮುಗಿಸಿದ್ದರು. ಅದು ಒಬ್ಬರ ಅಕ್ಕ ಕೊಟ್ಟ ಸಾಲ. ಪ್ಲೇಟ್ ಹೋದ ಹಾಗೆ ನೋಟ್‌ಬುಕ್ಕಿನಲ್ಲಿ ಗೀಟು ಹಾಕಲು ಒಬ್ಬರನ್ನು ಕೂರಿಸಿ, ಪುಕ್ಕಟೆ ಕೊಟ್ಟಿದ್ದಕ್ಕೆ ಬೇರೆ ಸಾಲಿನಲ್ಲಿ ಗೀಟು. ದುಡ್ಡು ಮುಟ್ಟುವವರು ತಿಂಡಿ ಮುಟ್ಟಬಾರದು, ಹಾಗಾಗಿ ಈ ಕೆಲಸ ದುಡ್ಡು ತಗೊಳ್ಳುವವರಿಗೇ ಸರಿಯಾಗುತ್ತದೆ.

ಖರ್ಚು ಇಳಿಸಲು ಹೊರಟ ಮಕ್ಕಳು ಎಲ್ಲವನ್ನೂ ಇಳಿಸಲು ನೋಡುತ್ತಾರೆ. ‘ತಟ್ಟೆ ಬೇಡ ಮಿಸ್, ಪೇಪರ್ ಪೊಟ್ಟಣ ಕಟ್ಟೋಣ, ಮನೇಲಿ ರಾಶಿ ಐತೆ’ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಇಲ್ಲಿ ಗಟ್ಟಿಯಾಗಿ ಬೇಡ ಅನ್ನಿ. ಬಿಸಿ ಮಿರ್ಚಿಯ ಎಣ್ಣೆಗೆ ಪತ್ರಿಕೆಯ ಶಾಯಿ ಬಿಡುತ್ತದೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಿಕೊಡಬಾರದು ಅಂತ 2018ರ ಪ್ಯಾಕೇಜಿಂಗ್ ನಿಯಮವೇ ಇದೆ. ಪ್ಲಾಸ್ಟಿಕ್ ತಟ್ಟೆ ಚಮಚವೂ ಇಲ್ಲ, 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಮ್ಮ ಜಿಲ್ಲೆಯ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಬರವಿಲ್ಲ, ಹಾಳೆ ತಟ್ಟೆ ಎರಡು ರೂಪಾಯಿಗೆ ಸಿಗುತ್ತದೆ, ಆ ಎರಡು ರೂಪಾಯಿ ಕೊಡಿ. ಇಳಿಸಬೇಕಾದ್ದು ಬೇರೆ ಕಡೆ ಇದೆ. ಪಕ್ಕದ ಪಾನಕದ ಅಂಗಡಿಯವರ ಜೊತೆ ಸೇರಿ ಒಂದೇ ಆಟೋ ಮಾಡಿ. ಅಗಲ ಬಾಣಲೆ ಬಿಟ್ಟು ಚಿಕ್ಕದು, ಆಳದ್ದು ತಗೊಳ್ಳಿ, ಎಣ್ಣೆ ಕಡಿಮೆ ಉಳಿಯುತ್ತದೆ.

ನಮ್ಮ ಗುಂಪು ಕೊನೆಗೆ ಒಂದು ಮಿರ್ಚಿಯ ಪ್ಲೇಟ್ 30 ರೂಪಾಯಿ ಅಂತ ಇಟ್ಟು, 40ರ ಬದಲು 60 ಪ್ಲೇಟಿಗೆ ಸಾಮಾನು ತಂದಿತು. ಕೂತಲ್ಲಿ ಖರ್ಚು ಅಷ್ಟೇ, ಪ್ಲೇಟ್ ಮಾತ್ರ ಜಾಸ್ತಿ. 56 ಹೋದವು. ಬಂದಿದ್ದು 1,680, ಖರ್ಚು 1,400, ಉಳಿದಿದ್ದು 280. ನಾಲ್ಕು ಜನಕ್ಕೆ ತಲಾ 70.

ಅಲ್ಲಿಗೆ ಪುಸ್ತಕ ಮುಚ್ಚಿಸಬೇಡಿ, ಇನ್ನೊಂದು ಸಾಲು ಬರೆಸಿ. ಸಾಮಾನು ತರಲು, ಹೆಚ್ಚಲು, ಮಾರಲು, ಪಾತ್ರೆ ತೊಳೆಯಲು ಒಬ್ಬೊಬ್ಬರಿಗೆ ಐದು ಗಂಟೆ ಹಿಡಿದಿತ್ತು. ನಾಲ್ಕು ಜನ, ಇಪ್ಪತ್ತು ಗಂಟೆ, 280 ರೂಪಾಯಿ. ಗಂಟೆಗೆ 14 ರೂಪಾಯಿ. ಬಾಣಲೆ ಮುಂದೆ ನಿಂತ ಅಮ್ಮನ ಮೂರು ಗಂಟೆ ಇದರಲ್ಲಿ ಇಲ್ಲ. ಇದನ್ನು ಓದಿ ಹೇಳಿದಾಗ ತಳ್ಳುಗಾಡಿಯವರ ಮಗ ಏನೂ ಮಾತಾಡಲಿಲ್ಲ. ಮರುದಿನ ಬಂದು, ‘ಅಪ್ಪನ್ನ ಕೇಳ್ದೆ ಮಿಸ್, ಅವರು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಹಿಟ್ಟು ಕಲಸೋಕೆ ಶುರು ಮಾಡ್ತಾರಂತೆ, ರಾತ್ರಿ ಹತ್ತಕ್ಕೆ ಮನೆಗೆ ಬರ್ತಾರೆ’ ಅಂದ. ಅವರ ಮನೆಯ ಲೆಕ್ಕವನ್ನು ಅವನೇ ಈಗ ಬರೆಯುತ್ತಿದ್ದಾನೆ, ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಮೇಲೆ ಎರಡು ಹೆಸರು ಬರೆದುಕೊಂಡು: ಪ್ಲೇಟ್ ಖರ್ಚು, ಕೂತಲ್ಲಿ ಖರ್ಚು.